ಸೋಮವ್ವ ಉಳಿಸಿದ ಹಿಡಿ ನವಣೆ

ಬಹಳ ಕಾಲದ ಹಿಂದೆ, ಏಳು ಗುಡ್ಡಗಳ ಆಚೆ, ಕರಿಹೊಳಲು ಎಂಬ ರಾಜ್ಯವಿತ್ತು. ಅಲ್ಲಿ ಬಿತ್ತಿದ ಬೀಜ ಮೊಳೆಯುತ್ತಿರಲಿಲ್ಲ. ಕಂಕಾಳಯ್ಯನೆಂಬ ಮಾಂತ್ರಿಕ ಮೊಳಕೆಗಳನ್ನೆಲ್ಲ ಕಟ್ಟಿಹಾಕಿದ್ದ. "ನನ್ನ ಕೋಟೆಯ ಮೂರು ಬಾಗಿಲು ದಾಟಿ ಬಂದು ಕೇಳಿ, ಬಿಡುತ್ತೇನೆ" ಎಂದು ಸಾರಿದ್ದ. ಹೋದವರು ಮರಳಲಿಲ್ಲ. ಸೋಮವ್ವನ ತಮ್ಮ ನಿಂಗನೂ ಮರಳಲಿಲ್ಲ.

ಸೋಮವ್ವ ಅಡುಗೆಗೆ ಅಳೆದ ಕಾಳಿನಲ್ಲಿ ಒಂದು ಹಿಡಿ ತೆಗೆದು ಮಡಕೆಗೆ ವಾಪಸು ಹಾಕುವವಳು. ಇದ್ದಾಗಲೂ ಹಾಗೆ, ಇಲ್ಲದಾಗಲೂ ಹಾಗೆ. "ನಮ್ಮ ಹೊಟ್ಟೆಗಿಂತ ಮಡಕೆ ಹೊಟ್ಟೆಯೇ ಹೆಚ್ಚಾಯ್ತಲ್ಲ, ಅದೇನು ನಿನ್ನ ಗಂಡನಾ?" ಎಂದು ನಿಂಗ ರೇಗಿಸುತ್ತಿದ್ದ.

ತಮ್ಮನನ್ನು ಹುಡುಕಿ ಅವಳು ಹೊರಟಳು. ಕೋಟೆಯ ಮುಂದೆ ಹಕ್ಕಿಯ ಸದ್ದಿರಲಿಲ್ಲ. ಗೋಡೆಯಿಂದ ಒಂದು ಕೈ ಚಾಚಿ ಅವಳ ಮಡಿಲಿಗೆ ಮೂರು ಹಿಡಿ ನವಣೆ ಸುರಿಯಿತು. ಮೂರು ಬಾಗಿಲು, ಮೂರು ಹಿಡಿ.

ಮೊದಲ ಬಾಗಿಲಲ್ಲಿ ಮನುಷ್ಯರ ಹಲ್ಲಿನ ನರಿ ಕೂತಿತ್ತು. "ಒಂದು ಹಿಡಿ ಕೊಡು."

"ಅರ್ಧ ಸಾಲದಾ?"

"ನನ್ನ ಹಲ್ಲು ಅರ್ಧವಿಲ್ಲ."

ಕೊಟ್ಟಳು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಮುಖವಿಲ್ಲದ, ಬಾಯಿ ಮಾತ್ರ ಇದ್ದ ಮುದುಕಿ ಬರಿಯ ಬೀಸುಕಲ್ಲು ತಿರುಗಿಸುತ್ತಿದ್ದಳು. "ಒಂದು ಹಿಡಿ ಹಾಕವ್ವ, ಕಲ್ಲು ಕಲ್ಲನ್ನೇ ತಿನ್ನುತ್ತಿದೆ."

ಹಾಕಿದಳು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಅದರ ಮುಂದೆ ನಲವತ್ತು ಕಲ್ಲಿನ ಜನ ನಿಂತಿದ್ದರು. ಅವರ ಎದೆಗಳು ಮೆಲ್ಲಗೆ ಏರಿ ಇಳಿಯುತ್ತಿದ್ದವು. ಕೊನೆಯಲ್ಲಿ ನಿಂಗ ನಿಂತಿದ್ದ. ಅವನ ಕಲ್ಲಿನ ಕೈ ಅವಳ ಸೆರಗು ಹಿಡಿಯಿತು.

"ಅಕ್ಕ, ಹಸಿವು. ಒಂದು ಹಿಡಿ."

ಸೋಮವ್ವನ ಕೈ ಮಡಿಲಿಗೆ ಹೋಯಿತು. ಆಗ ಕಣ್ಣಿಗೆ ಬಿತ್ತು: ನಲವತ್ತು ಜನರ ಅಂಗೈಗಳೂ ಬಿಚ್ಚಿದ್ದವು, ಬರಿದಾಗಿದ್ದವು. ಬಂದವರೆಲ್ಲ ತಮ್ಮ ಕೊನೆಯ ಹಿಡಿಯನ್ನು ಮುಂದೆ ನಿಂತು ಬೇಡಿದವನಿಗೆ ಕೊಟ್ಟು, ಅವನ ಹಿಂದೆಯೇ ಕಲ್ಲಾಗಿದ್ದರು.

"ಈಗ ಇಲ್ಲಪ್ಪ" ಎಂದಳು.

"ನನಗೂ ಇಲ್ಲವಾ?"

"ನಿನಗೂ ಇಲ್ಲ."

ಸೆರಗು ಹರಿದುಕೊಂಡು ಬಾಗಿಲು ದಾಟಿದಳು. ಹಿಂದೆ ಅವನ ಅಳು ಕೇಳುತ್ತಲೇ ಇತ್ತು.

ಒಳಗೆ ಕಂಕಾಳಯ್ಯ ಒಣಗಿದ ಎಲೆಯಂತೆ ಕೂತಿದ್ದ. "ಕೈ ತೋರಿಸು" ಎಂದ. ತೋರಿಸಿದಳು. ನವಣೆ ಕಂಡು ಅವನು ನಡುಗಿದ. "ಇಲ್ಲಿಯವರೆಗೆ ಯಾರೂ ಉಳಿಸಿಕೊಂಡು ಬಂದಿರಲಿಲ್ಲ. ಅವರ ಬರಿಗೈಯಲ್ಲೇ ನನ್ನ ಜೀವವಿತ್ತು. ಆ ಹಿಡಿಯನ್ನು ನನಗೆ ಕೊಟ್ಟುಬಿಡು."

ಸೋಮವ್ವ ಮುಷ್ಟಿ ಬಿಗಿಮಾಡಿದಳು. ಅವನು ಬೂದಿಯಾಗಿ ಉದುರಿದ.

ನಲವತ್ತು ಜನರೂ ಕಣ್ಣುಜ್ಜಿಕೊಂಡು ಬಂದರು. ಹಸಿದಿದ್ದರು. ಇದ್ದದ್ದು ಒಂದೇ ಹಿಡಿ. ಸೋಮವ್ವ ದೊಡ್ಡ ಹಂಡೆಯಲ್ಲಿ ನೀರಿಟ್ಟು ನವಣೆ ಹಾಕುವ ಮೊದಲು ಒಂದು ಚಿಟಿಕೆ ತೆಗೆದು ಸೆರಗಿಗೆ ಗಂಟು ಹಾಕಿದಳು.

"ಇದರಲ್ಲೂ ಮಡಕೆಗೆ ಪಾಲಾ?" ಎಂದ ನಿಂಗ.

"ಇದು ನೆಲಕ್ಕೆ."

ತಲೆಗೊಂದು ಗುಟುಕು ತಿಳಿಗಂಜಿ ಬಂತು. ಸೆರಗಿನ ಚಿಟಿಕೆಯನ್ನು ಊರಿಗೆ ಬಂದು ಬಿತ್ತಿದಳು; ಏಳನೆಯ ದಿನ ಮೊಳೆಯಿತು. ಆ ತೆನೆಯಿಂದ ಊರು, ಊರಿನಿಂದ ರಾಜ್ಯ ಉಂಡಿತು. ಕರಿಹೊಳಲಿನವರು ಸುಖವಾಗಿದ್ದರು. ನಿಂಗ ಮಾತ್ರ ಕೊನೆಯವರೆಗೂ, ಎರಡನೆಯ ಸಲ ಬಡಿಸುವಾಗೆಲ್ಲ, "ಈಗಲಾದರೂ ಉಂಟಾ, ಅಕ್ಕ?" ಎಂದು ಕೇಳುತ್ತಿದ್ದ.