ಹೊಲಿದ ಬಾಯಿಗಳು

"ಆ ಹಗೇದಾಗ ಇಳೀಬ್ಯಾಡ್ರಿ ಅಕ್ಕಾರ. ಬಾಯಿ ಕಟ್ಟಿಟ್ಟಾರ ಅಲ್ಲಿ. ಬಿಚ್ಚಿದವರ ಬಾಯಿ ಹೋಗ್ತದ."

ಹೊಲದ ಬದುವಿನ ಮೇಲೆ ನಿಂತ ಕಸ್ತೂರಬಾಯಿ ಸೆರಗನ್ನು ತುಟಿಗೆ ಒತ್ತಿಕೊಂಡು ಹೇಳಿದಳು. ಛಾಯಾ ನಕ್ಕುಬಿಟ್ಟಳು.

"ಕಾಕೂ, ಇದೆಲ್ಲ ಹೆದರಿಸೋ ಆಟ. ನೀವು ಹೆದರಿ ಸುಮ್ಮನಿರ್ತೀರಿ, ಅವರು ಹಾವು ಮಾರ್ತಾರ."

ಆ ನಗುವಿನಲ್ಲಿ ಖುಷಿ ಇರಲಿಲ್ಲ, ದಣಿವಿತ್ತು. ವನ್ಯಜೀವಿಗಳ ಕಳ್ಳವ್ಯಾಪಾರ ತಡೆಯಲು ಪುಣೆಯಲ್ಲಿರುವ ಸಂಸ್ಥೆಯೊಂದರಲ್ಲಿ ಅವಳ ಕೆಲಸ. ಕಾನೂನು ಎಲ್ಲಿ ಸೋರುತ್ತದೆಂದು ಹುಡುಕಿ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಸೋರದ ಜಾಗವೇ ಅವಳಿಗೆ ಕಂಡಿರಲಿಲ್ಲ. ಮಣ್ಣುಮುಕ್ಕ ಹಾವಿಗೆ ಎರಡು ತಲೆ, ಮನೆಯಲ್ಲಿಟ್ಟರೆ ಲಕ್ಷ್ಮಿ ನೆಲೆಸುತ್ತಾಳೆ ಎಂದು ನಂಬಿದವರಿಗಾಗಿ ಸೋಲಾಪುರದ ಸುತ್ತಲಿನ ಹೊಲಗಳನ್ನೆಲ್ಲ ಅಗೆಯುತ್ತಿದ್ದರು. ಎಷ್ಟೋ ಸಲ ಕಳ್ಳರು ಸಿಕ್ಕಿಬೀಳುತ್ತಿದ್ದರು, ಹಾವೂ ಸಿಗುತ್ತಿತ್ತು. ಆದರೆ ಮೊಕದ್ದಮೆ ಮುಗಿಯುವ ತನಕ ಆ ಹಾವು ಸಾಕ್ಷ್ಯವಾಗಿ ಪೆಟ್ಟಿಗೆಯಲ್ಲೇ ಇರಬೇಕು. ಮೊಕದ್ದಮೆಗಿಂತ ಮೊದಲು ಹಾವೇ ಮುಗಿದುಹೋಗುತ್ತಿತ್ತು. ಹಿಡಿದ ಜೀವವನ್ನು ಕೂಡಲೇ ಅದರ ನೆಲಕ್ಕೆ ಬಿಡುವ ನಿಯಮ ಬರಲಿ ಎಂದು ಅವಳು ವರ್ಷಗಟ್ಟಲೆ ಸಮಿತಿಗಳ ಬಾಗಿಲು ಕಾದಿದ್ದಳು. ಪ್ರತಿ ಸಲವೂ ಅದೇ ಉತ್ತರ: ಮುಂದಿನ ಸಭೆಯಲ್ಲಿ ನೋಡೋಣ.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದವರು ಸಾಕ್ಷಿದಾರರು. ಕಸ್ತೂರಬಾಯಿಯ ಗಂಡ ಬೀರಣ್ಣನೇ ಇದ್ದನಲ್ಲ. ರಾತ್ರಿ ಕುರಿ ತರುಬಿ ನಿಲ್ಲಿಸಿದ್ದ ಹೊಲದಲ್ಲಿ ಅಕ್ಕಲಕೋಟದ ದಲ್ಲಾಳಿ ಹಾವು ಹಿಡಿದದ್ದನ್ನು ಕಣ್ಣಾರೆ ಕಂಡವನು. ಹೇಳುತ್ತೇನೆಂದು ತಾನೇ ಮುಂದೆ ಬಂದಿದ್ದ. ಕಟಕಟೆ ಹತ್ತಿದ, ಬಾಯಿ ತೆರೆದ. ದನಿಯೇ ಬರಲಿಲ್ಲ. ಅಂದಿನಿಂದ ಕುರಿಗಳನ್ನು ಕರೆಯುವ ಕೂಗು ಕೂಡ ಅವನ ಗಂಟಲಿಂದ ಹೊರಟಿರಲಿಲ್ಲ. ಪ್ರಕರಣ ಬಿದ್ದುಹೋಯಿತು, ದಲ್ಲಾಳಿ ಪೇಢೆ ಹಂಚಿದ. ಬೀರಣ್ಣನನ್ನು ಯಾರೋ ಬೆದರಿಸಿದ್ದಾರೆ ಎಂದೇ ಛಾಯಾ ತಿಳಿದಿದ್ದಳು.

ಹಾವುಗಳನ್ನು ಹನ್ನೂರಿನ ಈ ಬೀಳು ಹೊಲದ ಹಗೇವಿನಲ್ಲಿ ಬಚ್ಚಿಟ್ಟಿದ್ದಾರೆಂಬ ಸುಳಿವು ಈಗ ಸಿಕ್ಕಿತ್ತು. ಹಿಂದೆಲ್ಲ ಜೋಳ ತುಂಬಿಡುತ್ತಿದ್ದ ಆಳವಾದ ನೆಲಗುಣಿ ಅದು. ಅರಣ್ಯ ಇಲಾಖೆಯ ಗಾರ್ಡ್ ಅಂಬಾದಾಸ ಅದರ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನೇನೋ ಸರಿಸಿದ. ಆದರೆ ಒಳಗೆ ಇಳಿಯಲು ಒಪ್ಪಲಿಲ್ಲ.

"ಸಾಹೇಬ್ರ ಬರ್ಲಿ ತಡೀರಿ ಮ್ಯಾಡಮ್. ನಾಳಿ ಮಾಡೂಣು."

"ನಾಳೆ, ನಾಳೆ! ನಾಳೆ ಅನ್ನೋದರೊಳಗೇ ಅವು ಸತ್ತಿರ್ತಾವ," ಎಂದು ಛಾಯಾ ರೇಗಿದಳು.

ಕೆಟ್ಟ ಗಾಳಿ ಇದೆಯೇನೋ ಎಂದು ಅಂಬಾದಾಸ ಮೊದಲು ಕಂದೀಲು ಇಳಿಬಿಟ್ಟ. ಅದು ಆರದೆ ಉರಿಯಿತು. ಛಾಯಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದಳು.

ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು. ಇಳಿದಂತೆ ಅದು ತಲೆಯ ಮೇಲೊಂದು ರೊಟ್ಟಿಯಷ್ಟಾಯಿತು. ಕೆಳಗೆ ಹಸಿ ಕತ್ತಲು. ಕೊಳೆತ ಜೋಳದ ಘಾಟು, ಅದರ ಅಡಿಯಲ್ಲಿ ಅರಿಶಿನ, ಸುಟ್ಟ ಕೂದಲಿನ ವಾಸನೆ. ಕಾಲಿಟ್ಟ ಮಣ್ಣು ಮೆತ್ತಗಿತ್ತು, ಉಸಿರಾಡಿದಂತೆ ಕುಸಿಯುತ್ತಿತ್ತು. ಬ್ಯಾಟರಿಯ ಬೆಳಕು ಗೋಡೆಗುಂಟ ಇಟ್ಟ ಗಡಿಗೆಗಳ ಮೇಲೆ ಬಿತ್ತು. ಎಲ್ಲವಕ್ಕೂ ಕೆಂಪು ಬಟ್ಟೆ ಕಟ್ಟಿತ್ತು.

ಮೊದಲ ಗಡಿಗೆ ಬಿಚ್ಚಿದಳು. ದಪ್ಪನೆಯ ಕಂದು ಹಾವು ಸುರುಳಿ ಸುತ್ತಿಕೊಂಡಿತ್ತು. ಅದರ ತುಟಿಗಳನ್ನು ಕರಿದಾರದಿಂದ ಹೊಲಿದಿದ್ದರು. ಸುತ್ತ ಕೀವು ಕಟ್ಟಿತ್ತು.

ಅವಳಿಗೆ ಹೆದರಿಕೆ ಬರಲಿಲ್ಲ, ಸಿಟ್ಟು ಬಂತು. ಚೀಲದಿಂದ ಸಣ್ಣ ಕತ್ತರಿ ತೆಗೆದು ಹೊಲಿಗೆ ಕತ್ತರಿಸಿದಳು.

ಹಾವು ಬಾಯಿ ತೆರೆಯಿತು.

"ಹೌದ್ರೀ ಸಾಹೇಬ್ರ, ನಾ ಕಣ್ಣಾರೆ ನೋಡೀನಿ."

ಗಂಡಸಿನ ದನಿ. ಹಾವಿನ ಬಾಯಿಂದ ಹೊರಟು, ಗೋಡೆ ಸವರಿ, ಮೇಲೇರಿ ಹೋಯಿತು. ಮೇಲಿಂದ ಕಸ್ತೂರಬಾಯಿ ಚೀರಿದಳು. "ಇವ್ರ ದನಿ! ನಮ್ಮ ಮನಿಯವ್ರ ದನಿರೀ ಇದು!"

ಛಾಯಾಳ ಕೆಳತುಟಿಗೆ ಸೂಜಿ ಚುಚ್ಚಿದಂತಾಯಿತು. ಒರೆಸಿಕೊಂಡಳು. ಬೆರಳಿಗೆ ರಕ್ತ.

ಎರಡನೆಯ ಗಡಿಗೆ. ಎಲ್ಲ ಹೇಳಿಬಿಡುತ್ತೇನೆಂದು ಮರಾಠಿಯಲ್ಲಿ ಅಳುವ ಹೆಣ್ಣಿನ ದನಿ ಎದ್ದು ಹೋಯಿತು. ಮತ್ತೆ ಚುಚ್ಚಿತು. ಈ ಸಲ ಎರಡೂ ತುಟಿಗಳನ್ನು ಸೇರಿಸಿ.

ಅವಳಿಗೆ ಅರ್ಥವಾಯಿತು. ಬಿದ್ದುಹೋದ ಪ್ರಕರಣಗಳೆಲ್ಲ ಇಲ್ಲಿದ್ದವು. ಬೆದರಿ ಸುಮ್ಮನಾದರೆಂದು ತಾನು ಬೈದುಕೊಂಡವರೆಲ್ಲ ಇಲ್ಲಿದ್ದರು. ಕತ್ತರಿ ಹಿಡಿದ ಕೈ ನಿಂತಿತು. ಹಗ್ಗ ಜಗ್ಗಿದರೆ ಸಾಕು, ಮೇಲಕ್ಕೆ ಹೋಗಬಹುದು. ಮೂರನೆಯ ಹಾವು ಹೊಲಿದ ಮೂತಿಯನ್ನು ಗಡಿಗೆಯ ಅಂಚಿಗೆ ಉಜ್ಜುತ್ತಿತ್ತು. ಸದ್ದಿಲ್ಲದೆ. ಬಿಡದೆ.

ಅದನ್ನೂ ಬಿಚ್ಚಿದಳು. ಮುಂದಿನದನ್ನೂ. ಗಲ್ಲದಿಂದ ರಕ್ತ ತೊಟ್ಟಿಕ್ಕಿತು. ದನಿಗಳು ಎದ್ದವು, ಹೋದವು.

ಕೊನೆಯ ಗಡಿಗೆಯ ಬಟ್ಟೆ ತಾನಾಗಿ ಜಾರಿತು.

ಈ ಹಾವಿಗೆ ಹೊಲಿಗೆ ಇರಲಿಲ್ಲ. ಬಾಯಿ ತೆರೆದೇ ಇತ್ತು. ಒಳಗೆ ಖಾಲಿ. ಕಾಯುತ್ತಿತ್ತು.

"ಅಂಬಾದಾಸ!" ಎಂದು ಕೂಗಿದಳು. ಕೂಗು ಮೇಲೆ ಹೋಗಲಿಲ್ಲ. ಬಾಗಿತು. ಹಾವಿನೊಳಗೆ ಇಳಿಯಿತು. ಮತ್ತೆ ಕೂಗಿದಳು. ಬಾಯ್ತುಂಬ ಮಣ್ಣು. ನಾಲಿಗೆಯ ಕೆಳಗೆ ಮಣ್ಣು. ಗಂಟಲಲ್ಲಿ ಮಣ್ಣು. ಬ್ಯಾಟರಿ ಆರಿತು. ಕತ್ತಲು. ಕಾಲ ಮೇಲೆ ತಣ್ಣನೆಯದೊಂದು ಹರಿಯಿತು. ಕತ್ತಲಲ್ಲಿ ಅವಳದೇ ದನಿ, ಮೆಲ್ಲಗೆ, ಹೊಸದನ್ನು ಕಲಿಯುವಂತೆ, "ಅಂಬಾದಾಸ" ಎಂದಿತು. ಗೋಡೆಯ ಬಿಲದೊಳಗೆ ಹೋಗಿ ಅಡಗಿತು.

ಹಗ್ಗ ಜಗ್ಗಿದಳು.

ಸೋಲಾಪುರದ ಡಾಕ್ಟರು ಹಗೇವಿನ ಕೆಟ್ಟ ಗಾಳಿಯಿಂದ ಗಂಟಲಿಗೆ ಪೆಟ್ಟಾಗಿದೆ ಎಂದರು. ಔಷಧ ಬರೆದುಕೊಟ್ಟರು, ದನಿ ಮಾತ್ರ ಬರಲಿಲ್ಲ. ಬೀರಣ್ಣ ಆಸ್ಪತ್ರೆಗೆ ಬಂದು ಕಾಲ ಬಳಿ ಕೂತ. "ನಿಮ್ಮ ಋಣ ಅದ ನನ್ನ ಮ್ಯಾಲ. ಈ ಸಲ ಬಿಡಂಗಿಲ್ಲ, ಎಲ್ಲಾ ಹೇಳ್ತೀನಿ," ಎಂದ. ಪೊಲೀಸರ ಮುಂದೆ ಹೇಳಿಯೂ ಹೇಳಿದ. ದನಿ ಮರಳಿದ ಉಳಿದ ಸಾಕ್ಷಿದಾರರೂ ಒಬ್ಬೊಬ್ಬರಾಗಿ ಬಂದರು. ಅಂಬಾದಾಸ ಮೇಲೆ ತಂದ ಹಾವುಗಳು ಪಂಚನಾಮೆಯಾಗಿ ಪೆಟ್ಟಿಗೆ ಸೇರಿದವು. ದಲ್ಲಾಳಿ ಮಾತ್ರ ಊರು ಬಿಟ್ಟಿದ್ದ. ಗೋಡೆ ಅಗೆಸಿದರೂ ಆ ಕೊನೆಯ ಹಾವು ಸಿಗಲಿಲ್ಲ.

ಪುಣೆಯಲ್ಲಿ ಸಮಿತಿಯ ಸಭೆ ಕೊನೆಗೂ ನಿಗದಿಯಾಯಿತು. ತಾನು ಆಡಬೇಕಿದ್ದ ಮಾತುಗಳನ್ನೆಲ್ಲ ಛಾಯಾ ಬರೆದು ಸಹೋದ್ಯೋಗಿ ಮನೀಷಾಗೆ ಕಳಿಸಿದಳು. ಸಂಜೆ ಮನೀಷಾಳ ಫೋನ್ ಬಂತು. ಅವಳ ದನಿ ಕಂಪಿಸುತ್ತಿತ್ತು.

"ಯಾಕ ಹಿಂಗ ಮಾಡಿದಿ ಛಾಯಾ? ನಾ ಓದೂದ್ರಾಗ ನೀನೇ ಅಧ್ಯಕ್ಷರಿಗೆ ಫೋನ್ ಹಚ್ಚಿದ್ದಿ. ಸ್ಪೀಕರ್ ಮ್ಯಾಲ ಎಲ್ಲಾರೂ ಕೇಳಿದ್ರು. ಹಾವು ಬಿಡೂದು ಬ್ಯಾಡ, ಪೆಟ್ಟಿಗ್ಯಾಗೇ ಇರ್ಲಿ, ಶಿಫಾರಸು ವಾಪಸ್ ತಗೋತೀನಿ ಅಂದಿ. ಮತ್ತ ದನಿ ಹೋಗೇದಂತ ನನಗ್ಯಾಕ ಸುಳ್ಳು ಹೇಳಿದಿ?"

ಛಾಯಾ ಚೀರಿದಳು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಉತ್ತರಕ್ಕೆ ಕಾದು ಕಾದು ಮನೀಷಾ ಫೋನ್ ಇಟ್ಟಳು.

ಕೂಡಲೇ ಮತ್ತೆ ರಿಂಗಾಯಿತು. ಗೊತ್ತಿಲ್ಲದ ನಂಬರು. ಎತ್ತಿ ಕಿವಿಗಿಟ್ಟುಕೊಂಡಳು. ಆ ಕಡೆ ಒಣಮಣ್ಣು ಸರಿದ ಸದ್ದು. ಆಮೇಲೆ ಅವಳದೇ ದನಿ, ಸ್ಪಷ್ಟವಾಗಿ, ತುಸು ನಗುತ್ತ:

"ಹಲೋ, ಛಾಯಾ ಮಾತಾಡ್ತಿದೀನಿ. ನೀವು ಯಾರು?"