ತೂಬು ಎತ್ತಿದವನು

“ಆ ತೂಬು ಎತ್ತಬೇಡ. ಎತ್ತಿದ್ರೆ ಮತ್ತೆ ಇಳಿಸೋಕಾಗಲ್ಲ ನಿನ್ ಕೈಲಿ.”

ಕಾಲುವೆಯ ಆಚೆ ದಡದ ಮನೆಯ ಹೊಸ್ತಿಲಲ್ಲಿ ಕೂತಿದ್ದ ಮುದುಕಿ ಬೇಡಿಕೊಳ್ಳುವ ದನಿಯಲ್ಲೇನೂ ಹೇಳಲಿಲ್ಲ. ನಾಯಿಗೆ ಹಚಾ ಅನ್ನುವ ಹಾಗೆ ಹೇಳಿದಳು. ಎಂಜಿನಿಯರಿಗೆ ಮೈ ಉರಿದದ್ದು ಅದಕ್ಕೇ.

ಹಳೆಯ ಯಂತ್ರಗಳಿಗೆ ಜೀವ ಕೊಡುವುದರಲ್ಲಿ ಅವನದು ದೊಡ್ಡ ಹೆಸರು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದವನೂ ಅವನೇ. ನೀರಿನ ಬಲದಿಂದ ಓಡುತ್ತಿದ್ದ ಈ ಕುಲುಮೆ ಪಾಳುಬಿದ್ದು ಒಂದು ತಲೆಮಾರೇ ಕಳೆದಿತ್ತು. ಹೊರಗೆ ತೂಬು ಎತ್ತಿದರೆ ಕಾಲುವೆಯ ನೀರು ಮರದ ಚಕ್ರದ ಮೇಲೆ ಬೀಳುತ್ತಿತ್ತು. ಚಕ್ರದ ಅಚ್ಚು ಗೋಡೆ ತೂರಿ ಒಳಗೆ ಬಂದು, ಕರುವಿನ ತಲೆಯಷ್ಟು ದೊಡ್ಡ ಸುತ್ತಿಗೆಯನ್ನು ಎತ್ತೆತ್ತಿ ಅಡಿಗಲ್ಲಿನ ಮೇಲೆ ಕೆಡವುತ್ತಿತ್ತು. ಅದನ್ನು ಮತ್ತೆ ಓಡಿಸಿ, ವಸ್ತುಸಂಗ್ರಹಾಲಯ ಮಾಡಿ ಜನರಿಗೆ ತೋರಿಸಲು ಅವನನ್ನು ಕರೆಸಿದ್ದರು.

“ಯಾಕಜ್ಜಿ, ಒಳಗೆ ದೆವ್ವ ಇದೆಯಾ?” ಎಂದು ಪಕ್ಕದಲ್ಲಿದ್ದ ತಂಗಿಯತ್ತ ಕಣ್ಣು ಮಿಟುಕಿಸಿದ. ನಕ್ಷೆ ಬರೆಯಲು ಜೊತೆಗೆ ಬಂದಿದ್ದ ತಂಗಿ ನಗಲಿಲ್ಲ.

“ದೆವ್ವ ಅಲ್ಲ, ಮಾಟ. ನಾನೇ ಮಾಡಿಟ್ಟಿದ್ದು.”

ಮುದುಕಿಯ ಗಂಡ ಇದೇ ಕುಲುಮೆಯ ಕೆಲಸಗಾರ. ಒಂದು ದಿನ ಅವನ ತೋಳು ಅಚ್ಚಿಗೆ ಸಿಕ್ಕಿತು. ತೂಬು ಇಳಿಸಿ, ಚಕ್ರ ನಿಲ್ಲಿಸಿ ಎಂದು ಇವಳು ಧಣಿಯ ಕಾಲು ಹಿಡಿದಳು. ಕಬ್ಬಿಣ ಕೆಂಪಗಿದೆ, ಈ ಒಂದು ಸರಳು ಮುಗಿಯಲಿ ಎಂದನಂತೆ ಅವನು. ಸರಳು ಮುಗಿಯುವಷ್ಟರಲ್ಲಿ ಗಂಡನೂ ಮುಗಿದಿದ್ದ.

“ನಿಲ್ಲಿಸೋಕೆ ಮನಸ್ಸು ಬರಲಿಲ್ಲ ಅಲ್ವಾ ಅವನಿಗೆ? ತೂಬು ಎತ್ತಿದೋನು ಯಾವನಾದ್ರೂ ಸರಿ, ಚಕ್ರ ನಿಂತಾಗ ಅವನ ಉಸಿರೂ ನಿಲ್ಲಲಿ ಅಂತ ಕಟ್ಟಿದೆ. ಧಣಿ ಬೆಳಿಗ್ಗೆ ಎತ್ತಿದ. ಸಂಜೆ ಇಳಿಸಿದ. ಅಲ್ಲೇ ಬಿದ್ದ.”

“ಹೃದಯಾಘಾತ. ಅದಕ್ಕೆ ಮಾಟ ಬೇಕಾಗಿಲ್ಲ, ಬೊಜ್ಜಿದ್ರೆ ಸಾಕು,” ಎಂದು ಎಂಜಿನಿಯರ್ ಬೆನ್ನು ತಿರುಗಿಸಿದ.

ತೂಬಿನ ಸಂದಿಯಲ್ಲಿ ಕರಿಬಟ್ಟೆಯ ಒಂದು ಗಂಟು ಸಿಕ್ಕಿಕೊಂಡಿತ್ತು. ಒಳಗೆ ಕೂದಲು, ಬಾಗಿದ ಮೊಳೆಗಳು, ಬೂದಿ. ಎಷ್ಟೋ ವರ್ಷ ನೀರಿನಲ್ಲಿ ನೆನೆದಿದ್ದರೂ ಆಗತಾನೆ ಸುಟ್ಟ ಕೂದಲಿನ ಕಮಟು. ಮುದುಕಿಗೆ ಕಾಣುವಂತೆ ಅದನ್ನು ಎತ್ತಿ ಹಿಡಿದು, ಮೂಗು ಹಿಂಡಿ, ಕಾಲುವೆಗೆ ಎಸೆದ. ಆಮೇಲೆ ತೂಬು ಎತ್ತಿದ.

ಚಕ್ರ ನರಳಿತು. ಹಲಗೆಗಳಿಂದ ಪಾಚಿ ಕಳಚಿ ಬಿತ್ತು. ಕುಲುಮೆಯ ಕತ್ತಲೊಳಗೆ ಸುತ್ತಿಗೆ ಎದ್ದು, ಧಡ್ ಎಂದು ಬಿತ್ತು. ನೆಲ ಅದುರಿತು. ಇಬ್ಬರೂ ಒಳಗೆ ಹೋದಾಗ ಹಳೆಯ ಎಣ್ಣೆ, ತುಕ್ಕು, ತೇವದ ಮಸಿ ಒಟ್ಟಿಗೆ ಮೂಗಿಗೆ ಅಡರಿದವು. ಎಂಜಿನಿಯರ್ ಗೆದ್ದವನಂತೆ ನಕ್ಕ.

ನಗು ಅರ್ಧಕ್ಕೇ ನಿಂತಿತು. ಎದೆಯಲ್ಲಿ ಏನೋ ತಪ್ಪಿತ್ತು. ಕತ್ತಿನ ನರದ ಮೇಲೆ ಬೆರಳಿಟ್ಟ. ಧಡ್. ಬೆರಳಡಿಯಲ್ಲೂ ಅದೇ ಗಳಿಗೆಗೆ ಒಂದು ಪೆಟ್ಟು. ಸುತ್ತಿಗೆ ಮೇಲೇಳುವಷ್ಟು ಹೊತ್ತು ನರ ಸತ್ತಂತೆ ಸುಮ್ಮನಿತ್ತು. ಧಡ್. ಮತ್ತೆ ಬಡಿಯಿತು.

“ಅಣ್ಣಾ, ಮುಖ ಬಿಳಿಚಿಕೊಂಡಿದೆ. ಏನಾಯ್ತು?”

“ಏನೂ ಇಲ್ಲ. ಆ ಮುದುಕಿ ತಲೆ ಕೆಡಿಸಿದ್ದಾಳೆ ಅಷ್ಟೆ.”

ಭ್ರಮೆಯೆಂದು ತೋರಿಸಿಬಿಡಬೇಕು, ಅದೂ ಆ ಮುದುಕಿಯ ಕಣ್ಣೆದುರೇ. ಹೊರಗೆ ಬಂದು ತೂಬು ಇಳಿಸಿದ.

ನೀರು ನಿಂತಿತು. ಚಕ್ರ ಓಟದ ರಭಸಕ್ಕೆ ಇನ್ನೂ ತಿರುಗುತ್ತಿತ್ತು. ಧಡ್. ಮಂಡಿ ಕುಸಿಯಿತು. ಧಡ್. ಕಣ್ಣು ಮಂಜಾಯಿತು. ಪೆಟ್ಟಿಗೂ ಪೆಟ್ಟಿಗೂ ನಡುವಿನ ಅಂತರ ಬೆಳೆಯಿತು. ಉಸಿರಿಲ್ಲ. ನೆಲ ತಣ್ಣಗಿತ್ತು. ತಂಗಿ ಓಡಿಬಂದಳು.

“ಎತ್ತು,” ಎಂದ.

ಅವಳು ತೂಬಿನ ಹಿಡಿಗೆ ಕೈ ಹಾಕಿ ತಡೆದಳು. “ಅಣ್ಣಾ, ನಾನು ಎತ್ತಿದ್ರೆ ಅದು ನಂಗೂ...”

ತಾನು ಸುಮ್ಮನಿದ್ದರೆ ತಾನೊಬ್ಬನೇ ಸಾಯುವುದು. ಅಷ್ಟೇ. ತಂಗಿ ಮನೆಗೆ ಹೋಗುತ್ತಾಳೆ. ಅವನಿಗೆ ಅದು ಬೆಳಕಿನಷ್ಟು ಸ್ಪಷ್ಟವಾಗಿ ಕಂಡಿತು.

“ಎತ್ತೇ! ಅದೆಲ್ಲಾ ಸುಳ್ಳು! ಎತ್ತು!”

ಎತ್ತಿದಳು.

ನೀರು ನುಗ್ಗಿತು. ಸುತ್ತಿಗೆ ಬಿತ್ತು. ಅವನ ಎದೆ ಒದ್ದುಕೊಂಡು ಉಸಿರು ಬಂತು. ಕಣ್ಣು ಬಿಟ್ಟರೆ, ತಂಗಿ ತನ್ನ ಎದೆಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಧಡ್. ಅವಳ ಹೆಗಲು ಅದುರಿತು. ಧಡ್. ಮತ್ತೆ ಅದುರಿತು.

ಅವನು ಕಾಲುವೆಯ ಮೇಲಿನ ಹಲಗೆಯನ್ನು ತೆವಳಿಕೊಂಡೇ ದಾಟಿದ. “ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನದು ಬೇಡ, ಅವಳದ್ದಾದ್ರೂ ಬಿಚ್ಚಿ.”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಕಟ್ಟೋದಷ್ಟೇ ಕಲ್ತಿದ್ದು ನಾನು. ಬಿಚ್ಚೋದು ಬೇಕು ಅಂತ ಅನ್ನಿಸಲೇ ಇಲ್ಲ.” ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಸ್ತುಸಂಗ್ರಹಾಲಯ ತೆರೆಯಿತು. ಬಂದವರೆಲ್ಲ, ಅಣ್ಣ ತಂಗಿ ಮನೆಮಠ ಬಿಟ್ಟು ಇಲ್ಲೇ ಇದ್ದು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಹೊಗಳಿ ಹೋದರು. ಅವನು ಕಾಲುವೆಯ ಕಸ ಬಾಚುತ್ತಿದ್ದ. ಅವಳು ಅಚ್ಚಿಗೆ ಎಣ್ಣೆ ಬಿಡುತ್ತಿದ್ದಳು. ಅವನ ಜೊತೆ ಮಾತು ಬಿಟ್ಟಿದ್ದಳು.

ಬೇಸಿಗೆ ಬಂತು. ಕಾಲುವೆಯ ನೀರು ಹಿಮ್ಮಡಿಗಿಳಿದ ದಿನ ಅವಳು ಬಾಯಿ ಬಿಟ್ಟಳು.

“ಎತ್ತು ಅಂದಾಗ ನಿಂಗೆ ಗೊತ್ತಿತ್ತು, ಅಲ್ವಾ?”

ಅವನು ತಲೆ ತಗ್ಗಿಸಿದ. ಕಸದಲ್ಲಿ ಕಂಡ ಹುಳುವನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಒಳಗೆ ಸುತ್ತಿಗೆ ತಿಣುಕುತ್ತಾ ಮೇಲೆದ್ದಿತು.

ಬೀಳಲಿಲ್ಲ. ಇನ್ನೂ ಬೀಳಲಿಲ್ಲ.