ಬೂತಾಯಿ ಗುಂಡಿಯ ಆಮೆದೀಪ

ನನ್ನ ತಲೆ ಗುಂಡಿಯೊಳಗಿತ್ತು. ಕಾಲು ಮುದ್ದುವಿನ ಕೈಯಲ್ಲಿತ್ತು.

ಗುಂಡಿ ಅಂದರೆ ಅಂತಿಂಥ ಗುಂಡಿಯಲ್ಲ... ತೆಂಗಿನ ಬುಡಕ್ಕೆ ಹಾಕಲೆಂದು ಬೂತಾಯಿ ಮೀನು, ಉಪ್ಪು, ಬೂದಿ ಸೇರಿಸಿ ಕೊಳೆಹಾಕಿದ ಗೊಬ್ಬರದ ಗುಂಡಿ! ನರಕಕ್ಕೆ ವಾಸನೆ ಉಂಟೋ ಇಲ್ಲವೋ, ನಾನು ನೋಡಿಲ್ಲ. ಇದ್ದರೆ ಅಲ್ಲಿಯವರು ಫಳ್ನೀರಿನ ಈ ಹಿತ್ತಿಲಿಗೆ ಬಂದು ಕಲಿತುಹೋಗಬೇಕು.

"ಏ ಬೋಜ! ನನ್ನ ಹಿತ್ತಿಲಲ್ಲಿ ನಿನಗೆ ಎಂತ ಕೆಲಸ?"

ಮೇಲಿನಿಂದ ಬಂದ ಆ ನಯವಾದ ದನಿ ಇಸಿದೋರ್ ಸಾಹುಕಾರನದ್ದು. ಬಿಳಿ ಕೋಟು, ಮೂಗಿಗೆ ಸೆಂಟು ಹಚ್ಚಿದ ಕರವಸ್ತ್ರ.

"ತೆಂಗಿನಕಾಯಿ ರೇಟು ಕೇಳ್ಲಿಕ್ಕೆ ಬಂದೆ ಸಾಹುಕಾರ್ರೆ..."

"ಮುದ್ದು, ಇವನಿಗೆ ರೇಟು ಹೇಳು."

ಮುದ್ದು ಹೇಳಿದ. ಅಂದರೆ, ಮುಳುಗಿಸಿದ.

ಸಾಹುಕಾರನ ಈ ಆಳಿಗೆ ಆ ಹೆಸರಿಟ್ಟ ತಾಯಿ ಮಗುವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಹಲಸಿನ ಬುಡದಂಥ ಕುತ್ತಿಗೆ, ದೋಣಿಯ ಹುಟ್ಟಿನಂಥ ಕೈ!

"ಯಾರು ಕಳಿಸಿದ್ದು ನಿನ್ನನ್ನು?"

ನಾನು ಬಾಯಿ ಬಿಡಲಿಲ್ಲ. ಧೈರ್ಯವೆಂದುಕೊಳ್ಳಬೇಡಿ ಮಾರಾಯ್ರೆ... ಬಾಯಿ ಬಿಟ್ಟರೆ ಒಳಗೆ ಹೋಗುವುದು ಏನೆಂದು ನನಗೆ ಗೊತ್ತಿತ್ತು!

ಉಸಿರು ಕಟ್ಟಿತು. ಕೈ ಎಲ್ಲೆಂದರಲ್ಲಿ ತಡಕಾಡಿತು. ಕೊಳೆತ ಮೀನಿನ ನಡುವೆ ಏನೋ ಗಟ್ಟಿ. ತಣ್ಣಗೆ. ಒಂದು ಪುಟ್ಟ ಕುತ್ತಿಗೆ, ಅದರ ಹಿಂದೆ ಉಬ್ಬಿದ ಬೆನ್ನು...

ಆಮೆ! ಕಂಚಿನ ಆಮೆ! ಅದರ ಪಕ್ಕದಲ್ಲಿ ಇನ್ನೊಂದು!

ಅಷ್ಟರಲ್ಲಿ ಮುದ್ದು ನನ್ನನ್ನು ಎಳೆದೆತ್ತಿ, ಮುರಕಲ್ಲಿನ ಗೋಡೆಯಾಚೆ ಬಿಸಾಡಿದ. ಬಿದ್ದ ಕಡೆಯೇ ಮಲಗಿ ನಕ್ಕೆ. ಹುಡುಕಲು ಬಂದದ್ದನ್ನು ಅವರೇ ನನ್ನ ಕೈಗೆ ತಾಗಿಸಿ ಕಳಿಸಿದ್ದರು!

ನನ್ನ ಉದ್ಯೋಗ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವುದು. ಕೆಲವೊಮ್ಮೆ, ಸಿಕ್ಕಿದ್ದನ್ನು ಕಳೆದುಹಾಕುವುದು. ಮೂವತ್ತನಾಲ್ಕನೇ ಇಸವಿಯಲ್ಲಿ ಎರಡಕ್ಕೂ ಗಿರಾಕಿಗಳಿದ್ದರು.

ಈ ಸಲದ ಗಿರಾಕಿ ಉಳ್ಳಾಲದ ಬೀಫಾತಿಮ್ಮ. ಹಿಂದಿನ ದಿನ ನನ್ನ ಜಗಲಿಯಲ್ಲಿ ಬಂದು ಕೂತವಳು ಏಳಲೇ ಇಲ್ಲ.

"ಇವರು ಹಡಗಿನಷ್ಟು ದೊಡ್ಡ ಸುಳ್ಳು ಹೇಳ್ತಾರೆ ಬೋಜಣ್ಣಾ, ಅದು ನನಗೆ ಗೊತ್ತುಂಟು. ಆದ್ರೆ ಕದಿಯುವ ಜನ ಅಲ್ಲ!"

'ಇವರು' ಎಂದರೆ ಅವಳ ಗಂಡ ಹಾಶಿಂ. ನೇತ್ರಾವತಿಯಲ್ಲಿ ದೋಣಿ ದಾಟಿಸುವವ. ಉಳ್ಳಾಲದ ಬಂಗಲೆಯಲ್ಲಿ ಮದ್ರಾಸಿನ ದೊರೆಯೊಬ್ಬ ಇಳಿದಿದ್ದ. ಹಳೇ ವಸ್ತು ಕಂಡರೆ ಜೊಲ್ಲು ಸುರಿಸುವ ಜಾತಿ. ಅವನಿಗೆ ಮಾರಲೆಂದು ಇಸಿದೋರ್ ಒಂದು ಕಂಚಿನ ಆಮೆದೀಪವನ್ನು ಪೆಟ್ಟಿಗೆಯಲ್ಲಿಟ್ಟು ಹಾಶಿಂನ ದೋಣಿಯಲ್ಲಿ ಕಳಿಸಿದ. ಎರಡು ಸಾವಿರ ವರ್ಷದ್ದಂತೆ! ದೊರೆ ಪೆಟ್ಟಿಗೆ ಬಿಚ್ಚಿ, ಮೂಸಿ, "ಖೋಟಾ" ಎಂದ.

ಮರ್ಯಾದಸ್ಥ ಮನುಷ್ಯ ಅಂಥ ಹೊತ್ತಿಗೆ ಏನು ಮಾಡುತ್ತಾನೆ? ಬಡವನನ್ನು ಹುಡುಕುತ್ತಾನೆ. "ನನ್ನ ಅಸಲು ದೀಪವನ್ನು ದೋಣಿಯವ ಬದಲಾಯಿಸಿದ!" ಎಂದು ಇಸಿದೋರ್ ಬೊಬ್ಬೆ ಹಾಕಿದ. ಹಾಶಿಂ ಲಾಕಪ್ಪಿಗೆ. ಕೇಸು ಬರುವ ತಿಂಗಳಿಗೆ. ಶಿಕ್ಷೆಯಾದರೆ ಕಣ್ಣೂರು ಜೈಲು.

ಗುಂಡಿಯಿಂದ ಎದ್ದವನು ನೆಟ್ಟಗೆ ಮಣ್ಣಗುಡ್ಡದ ಜೊಕಿಮ್ ಮಾಸ್ಟ್ರ ಮನೆಗೆ ಹೋದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಗೇಟಿನಲ್ಲಿಯೇ ನನ್ನನ್ನು ತಡೆದರು.

"ಅಲ್ಲೇ ನಿಲ್ಲು! ನೀನಾ, ನಿನ್ನ ಹೆಣವಾ?"

"ನಾನೇ ಮಾಸ್ಟ್ರೆ. ಹೆಣಕ್ಕೆ ಇಷ್ಟು ವಾಸನೆ ಇರುವುದಿಲ್ಲ."

ಬಾವಿಕಟ್ಟೆಯಲ್ಲಿ ನನಗೆ ನೀರು ಹೊಯ್ಯುತ್ತಲೇ ಕತೆ ಕೇಳಿದರು. ಕೇಳುತ್ತಾ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಸಂತೋಷವಾದಾಗ ಹಾಗೆ ಆಗುತ್ತದೆ.

"ಕೊಳೆತ ಮೀನಿನಿಂದ ಅಮೋನಿಯ! ಮೇಲಿಂದ ಉಪ್ಪು! ಕಂಚು ಹಸಿರಾಗದೆ ಎಂತ ಆಗ್ತದೆ? ಬಾ, ನೋಡುವ."

ಮರುದಿನ ವಕೀಲರಿಂದ ಅರ್ಜಿ ಹಾಕಿಸಿ, ಕೋರ್ಟಿನ ವಶದಲ್ಲಿದ್ದ ಖೋಟಾ ದೀಪವನ್ನು ಇಬ್ಬರೂ ನೋಡಿದೆವು. ಮಾಸ್ಟ್ರು ಅಳತೆ ತೆಗೆದರು, ಚಿತ್ರ ಬರೆದರು, ಭೂತಗನ್ನಡಿ ಹಿಡಿದರು. ಆಮೆಯ ಕುತ್ತಿಗೆಯ ಸಂದಿಯಲ್ಲಿ, ಹಸಿರಿನ ಪದರದ ಅಡಿಯಲ್ಲಿ ಏನೋ ಮಿಣುಕುತ್ತಿತ್ತು.

ಮೀನಿನ ಹುರುಪೆ!

ನಾನು ಇನ್‌ಸ್ಪೆಕ್ಟರರ ಹತ್ತಿರ ಓಡಿದೆ. ಅವರು ಚಹಾ ಕುಡಿಯುತ್ತಿದ್ದರು. ಯಾವಾಗಲೂ ಕುಡಿಯುತ್ತಿರುತ್ತಾರೆ.

"ಹುರುಪೆ ಉಂಟಾ? ಒಳ್ಳೇದಾಯ್ತು! ಉಳ್ಳಾಲದಲ್ಲಿ ಎಲ್ಲಿ ನೋಡಿದ್ರೂ ಮೀನು. ಹಾಶಿಂನೇ ಮಾಡಿದ್ದು ಅಂತ ಇನ್ನೊಂದು ಸಾಕ್ಷಿ!"

"ಸಾಹುಕಾರರ ಗುಂಡಿಯಲ್ಲಿ ಬೇರೆ ಆಮೆ ಉಂಟು ಸಾರ್!"

"ನೀನು ಅವರ ಹಿತ್ತಿಲಿಗೆ ನುಗ್ಗಿದ್ದಾ? ಕೂತ್ಕೋ. ಕಂಪ್ಲೇಂಟ್ ಬರೆಯುವ. ನಿನ್ನ ಮೇಲೆ!"

ನಾನು ಕೂರಲಿಲ್ಲ.

"ಇನ್‌ಸ್ಪೆಕ್ಟರ್ ಹೇಳುವುದರಲ್ಲಿ ಪಾಯಿಂಟ್ ಉಂಟು," ಎಂದರು ಸುದ್ದಿ ಕೇಳಿದ ಮಾಸ್ಟ್ರು. "ಖೋಟಾ ಅಂತ ತೋರಿಸಿದ್ರೆ ಸಾಲದು. ಅಸಲು ಅನ್ನುವುದೇ ಇರ್ಲಿಲ್ಲ ಅಂತ ತೋರಿಸಬೇಕು."

"ಇಲ್ಲದ್ದನ್ನು ತೋರಿಸುವುದು ಹೇಗೆ?"

"ನಾವೇ ಒಂದು ಅಸಲು ಮಾಡುವ! ಹಳೇ ವಸ್ತು ಹೇಗೆ ಹಳತಾಯ್ತು ಅಂತ ತಿಳೀಬೇಕಾದ್ರೆ ಅದೇ ಲೋಹದಲ್ಲಿ, ಅದೇ ಮಣ್ಣಿನಲ್ಲಿ, ನಮ್ಮ ಕೈಯಿಂದ ಮಾಡಿ ನೋಡ್ಬೇಕು ಬೋಜ. ಆಚೆ ಕೂತು ಆಕಳಿಸಿದ್ರೆ ವಿದ್ಯೆ ಬರುವುದಿಲ್ಲ."

ಮಾಡಿದೆವು ಮಾರಾಯ್ರೆ! ಮಣ್ಣಿನ ಉಂಡೆ, ಅದರ ಮೇಲೆ ಮೇಣದ ಆಮೆ, ಅದರ ಮೇಲೆ ಮತ್ತೆ ಮಣ್ಣು. ಕಾಯಿಸಿದರೆ ಮೇಣ ಕರಗಿ ಹೊರಬರುತ್ತದೆ. ಆ ಜಾಗಕ್ಕೆ ಕರಗಿದ ಕಂಚು. ಮೇಣದ ಕೆಲಸ ನನ್ನದು. ಮೊದಲನೇ ಆಮೆ ಎಣ್ಣೆಯಲ್ಲಿ ಕರಿದ ಗೋಳಿಬಜೆಯ ಹಾಗಿತ್ತು. ಎರಡನೇದಕ್ಕೆ ತಲೆ ಯಾವುದು ಬಾಲ ಯಾವುದು ಎಂದು ಕಂಚು ಹೊಯ್ಯಲು ಕರೆಸಿದ ಎರಕದವನೇ ಕೇಳಿದ. ಆಮೇಲಿನದ್ದು ಪರವಾಗಿಲ್ಲ... ಒಳಗಿನ ಮಣ್ಣುಂಡೆಯಲ್ಲಿ ಮಾಸ್ಟ್ರು ಏನೋ ತುರುಕಿದರು. ಏನೆಂದು ಆಮೇಲೆ ಹೇಳುತ್ತೇನೆ, ಅವಸರ ಎಂತ?

ಎರಕದಲ್ಲಿ ಉಳಿದ ಕಂಚಿನ ತುಂಡುಗಳನ್ನು ಬೇರೆಬೇರೆ ಕಡೆ ಹುಗಿದೆವು. ಮುರಮಣ್ಣಿನಲ್ಲಿ ಒಂದು, ಕಡಲ ಮರಳಿನಲ್ಲಿ ಒಂದು, ಸೆಗಣಿಯಲ್ಲಿ ಒಂದು. ಆಮೆ ಮತ್ತು ಇನ್ನೊಂದು ತುಂಡು ಉಳ್ಳಾಲದಲ್ಲಿ ನನ್ನ ಅಕ್ಕ ದೇಯಿಯ ಮನೆಯ ಬೂತಾಯಿ ಗುಂಡಿಗೆ.

"ನಿನಗೆ ಮರ್ಲಾ? ತಲೆ ಕೆಟ್ಟಿತಾ?" ಎಂದಳು ಅಕ್ಕ. "ದಿನಕ್ಕೆರಡು ಸಲ ಬಂದು ಗೊಬ್ಬರ ಕೆದಕ್ತೀಯಲ್ಲ! ನಿನಗೆ ಹೆಣ್ಣು ಕೊಡುವವರು ಯಾರಾದ್ರೂ ನೋಡಿದ್ರೆ?"

"ನೋಡಿದ್ರೆ ನಾನು ಬಚಾವ್ ಅಕ್ಕಾ."

ಕೆಲವು ವಾರಕ್ಕೇ ಫಲ ಕಂಡಿತು. ಮುರಮಣ್ಣಿನ ತುಂಡು ಮಂಕಾಗಿತ್ತು, ಅಷ್ಟೆ. ಮರಳಿನದ್ದಕ್ಕೆ ಅಲ್ಲಲ್ಲಿ ಚುಕ್ಕೆ. ಸೆಗಣಿಯದ್ದು ಕಪ್ಪು. ಬೂತಾಯಿ ಗುಂಡಿಯದ್ದು ಮಾತ್ರ... ಆಹಾ! ನೀಲಿಗಟ್ಟಿದ ಹಸಿರು, ಪದರಪದರ, ನಡುವೆ ಹುರುಪೆ! ನನ್ನ ಆಮೆ ಒಂದು ತಿಂಗಳೊಳಗೆ ಎರಡು ಸಾವಿರ ವರ್ಷ ಬದುಕಿ ಬಂದಿತ್ತು.

ಕೇಸಿನ ದಿನ ಬೆಳಿಗ್ಗೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊಳೆ ದಾಟಿದೆ. ದೋಣಿ ನಿಲ್ಲುವ ಧಕ್ಕೆಯಲ್ಲಿ ಇಳಿದೆ.

ಎದುರಿಗೆ ಮುದ್ದು!

"ಗೋಣಿಯಲ್ಲಿ ಎಂತದು?"

"ಬಂಗುಡೆ ಮೀನು."

ಗೋಣಿಯ ಹರಕಿನಿಂದ ಆಮೆ ತಲೆ ಹೊರಹಾಕಿ ನೋಡುತ್ತಿತ್ತು. ದರಿದ್ರದ್ದು!

"ಕಳ್ಳ! ನಮ್ಮ ಗುಂಡಿಯಿಂದ ಕದ್ದದ್ದು! ಕೊಡು!"

ಓಡಿದೆ. ಒಣಮೀನಿನ ಚಾಪೆಗಳ ಮೇಲೆ ಓಡಿದೆ. ಹಡಗಿಗೆ ಏರಿಸಲು ಪೇರಿಸಿಟ್ಟ ಹಂಚಿನ ಸಾಲುಗಳ ಸಂದಿಯಲ್ಲಿ ನುಗ್ಗಿದೆ. ಹಿಂದಿನಿಂದ ಕತ್ತಿ ಬೀಸಿದ ಶಬ್ದ... ಸುಂಯ್! ಕಿವಿಯ ಪಕ್ಕದಲ್ಲಿ ಹಂಚೊಂದು ಎರಡಾಯಿತು! ಹಂಚಿನ ಕಾವಲಿನವ ಬಂದು ಮುದ್ದುವಿನ ಅಂಗಿ ಹಿಡಿದ. "ಒಡೆದದ್ದಕ್ಕೆ ದುಡ್ಡು ಯಾರು, ನಿನ್ನಪ್ಪ ಕೊಡ್ತಾನಾ?" ಮಂಗಳೂರಿನಲ್ಲಿ ತಲೆ ಒಡೆದರೆ ಯಾರೂ ಕೇಳಲಿಕ್ಕಿಲ್ಲ, ಹಂಚು ಒಡೆದರೆ ಬಿಡುವುದಿಲ್ಲ!

ಗುಡ್ಡೆ ಹತ್ತಿ ಕೋರ್ಟು ಕಚೇರಿಯ ಬಾಗಿಲಿಗೆ ಬಿದ್ದೆ. ಮುದ್ದು ಬೇರೆ ದಾರಿಯಿಂದ ಬಂದು ಸಾಹುಕಾರನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ನಮ್ಮ ಗುಂಡಿಯದ್ದೇ ಎಂದು ಹೇಳಿರಬೇಕು. ಗುಂಡಿಗೆ ಇಳಿದು ಎಣಿಸಿ ನೋಡುವ ಗಂಡಸು ಆ ಮನೆಯಲ್ಲಿ ಯಾರಿದ್ದರು?

ಇಸಿದೋರ್ ನನ್ನನ್ನು ನೋಡಿ ಸಣ್ಣಗೆ ಕಣ್ಣು ಹೊಡೆದ. ಅವನ ಕಡೆ ಸಾಕ್ಷಿ ಹೇಳಿ ದುಡ್ಡು ಕೇಳಲು, ನಾನು ಮಾರಾಟಕ್ಕೆ ಬಂದಿದ್ದೇನೆ ಎಂದುಕೊಂಡ. ಅಂಥವರಿಗೆ ಬೇರೆ ಯೋಚನೆ ಬರುವುದಿಲ್ಲ.

"ಇದು ಎಲ್ಲಿ ಸಿಕ್ಕಿತು?" ನಾನು ಮೇಜಿನ ಮೇಲಿಟ್ಟ ಆಮೆಯನ್ನು ನೋಡಿ ಮ್ಯಾಜಿಸ್ಟ್ರೇಟರು ಕೇಳಿದರು.

"ಉಳ್ಳಾಲದಲ್ಲಿ. ಹುಗಿದಿಟ್ಟದ್ದನ್ನು ಅಗೆದು ತೆಗೆದೆ ಸ್ವಾಮಿ."

ಒಂದಕ್ಷರ ಸುಳ್ಳಿಲ್ಲ! ಹುಗಿದವ ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಬೀಫಾತಿಮ್ಮ ಬಾಗಿಲಲ್ಲಿ ಕಿರಿಚಿದಳು. "ಬೋಜಣ್ಣಾ! ನೀವೇ ಇವರನ್ನು ಜೈಲಿಗೆ ಹಾಕ್ತೀರಾ? ನಿಮ್ಮ ನಾಲಿಗೆಗೆ ಹುಳ ಬೀಳ್ಲಿಕ್ಕೆ!"

ಕಟಕಟೆಯಲ್ಲಿ ಹಾಶಿಂ ನನ್ನನ್ನೇ ನೋಡಿದ. ಆ ನೋಟಕ್ಕಿಂತ ಬೂತಾಯಿ ಗುಂಡಿ ವಾಸಿ.

"ಸಾಹುಕಾರ್ರೆ, ಇದು ನಿಮ್ಮ ಅಸಲು ದೀಪವೇ?" ಮ್ಯಾಜಿಸ್ಟ್ರೇಟರು ಇಸಿದೋರನತ್ತ ತಿರುಗಿದರು.

ಅಸಲು ಎಂಬುದು ಇರಲೇ ಇಲ್ಲವೆಂದು ಇಡೀ ಲೋಕದಲ್ಲಿ ಖಚಿತವಾಗಿ ಗೊತ್ತಿದ್ದವನು ಅವನೊಬ್ಬ. ಆದರೂ ಅಸಲು ಸಿಕ್ಕಿತೆಂದು ಕಣ್ಣೊರೆಸಿಕೊಂಡ!

"ಇದೇ ಸ್ವಾಮಿ! ಇದೇ! ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿದ್ದದ್ದು. ಈ ಮೂತಿಯ ಗಾಂಭೀರ್ಯ ನೋಡಿ! ಇಂಥ ಕೈಚಳಕ ಈಗಿನವರಿಗೆ ಎಲ್ಲಿಂದ ಬರ್ಬೇಕು?"

ನನ್ನ ಕೈಚಳಕವನ್ನು ಅದಕ್ಕೆ ಮೊದಲು ಯಾರೂ ಹೊಗಳಿರಲಿಲ್ಲ. ಎದೆ ತುಂಬಿಬಂತು.

"ಪ್ರಮಾಣ ಮಾಡಿ ಹೇಳ್ತೀರಾ?"

"ನೂರು ಸಲ!"

ಬರೆದುಕೊಂಡರು. ಸಹಿಯಾಯಿತು. ಆಗ ಜೊಕಿಮ್ ಮಾಸ್ಟ್ರು ಎದ್ದು ಕನ್ನಡಕ ಸರಿಮಾಡಿದರು.

"ಸ್ವಾಮಿ, ಇದರ ಹೊಟ್ಟೆ ಕೊರೆಯಲಿಕ್ಕೆ ಅಪ್ಪಣೆ ಆಗ್ಬೇಕು."

"ಎರಡು ಸಾವಿರ ವರ್ಷದ ವಸ್ತು!" ಇಸಿದೋರ್ ಹಾರಿಬಿದ್ದ. "ಕಲೆಯ ಕೊಲೆ!"

ಉಳಿ ಬಿತ್ತು. ಒಣಗಿದ ಮಣ್ಣು ಉದುರಿತು. ಮಣ್ಣಿನ ಒಳಗಿನಿಂದ ಒಂದು ಕೆಂಪು ಚೂರು ಮೇಜಿನ ಮೇಲೆ ಟಣ್ಣೆಂದಿತು.

ಮಂಗಳೂರು ಹಂಚಿನ ಚೂರು! ಮೇಲೆ ಕಾರ್ಖಾನೆಯ ಅಚ್ಚು, ಇಂಗ್ಲಿಷಿನಲ್ಲಿ!

ಮ್ಯಾಜಿಸ್ಟ್ರೇಟರು ಅದನ್ನು ತಿರುಗಿಸಿ ತಿರುಗಿಸಿ ಓದಿದರು.

"ಸಾಹುಕಾರ್ರೆ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಊರಿನಲ್ಲಿ ಹಂಚಿನ ಕಾರ್ಖಾನೆ ಇತ್ತಾ?"

ಇಸಿದೋರನ ಕರವಸ್ತ್ರ ಕೆಳಗೆ ಬಿತ್ತು.

ಮುಂದಿನದ್ದನ್ನು ಮಾಸ್ಟ್ರು ಪಾಠದ ಹಾಗೆ ಹೇಳಿದರು. ನಾಲ್ಕು ತುಂಡು, ನಾಲ್ಕು ಬಣ್ಣ. ನಮ್ಮ ಆಮೆಯ ಹಸಿರು, ಕೋರ್ಟಿನ ಆಮೆಯ ಹಸಿರು, ಎರಡರಲ್ಲೂ ಬೂತಾಯಿ ಹುರುಪೆ. ಎರಕದವ ಬಂದು, ನಮ್ಮ ಆಮೆಯನ್ನು ತಿಂಗಳ ಹಿಂದೆ ತಾನೇ ಎರೆದದ್ದೆಂದು ಸಾಕ್ಷಿ ಹೇಳಿದ. ಇಲ್ಲದ ಅಸಲನ್ನು ಗುರುತು ಹಿಡಿದು ಪ್ರಮಾಣ ಮಾಡಿದವನ ಮಾತಿಗೆ ಇನ್ನೇನು ಬೆಲೆ? ಮ್ಯಾಜಿಸ್ಟ್ರೇಟರು ಇನ್‌ಸ್ಪೆಕ್ಟರರನ್ನೇ ಫಳ್ನೀರಿಗೆ ಕಳಿಸಿದರು, ಗುಂಡಿಯನ್ನು ಸ್ವತಃ ಇಳಿದು ಶೋಧಿಸಬೇಕೆಂಬ ಅಪ್ಪಣೆಯೊಡನೆ. ಅವರು ಎರಡು ಆಮೆ ಹಿಡಿದು ವಾಪಸು ಬಂದಾಗ ಕಚೇರಿಯೇ ಎದ್ದು ನಿಂತಿತು.

ಗೌರವಕ್ಕಲ್ಲ. ಕಿಟಕಿ ತೆರೆಯಲಿಕ್ಕೆ!

ಇಸಿದೋರ್ ಒಳಗೆ ಹೋದ. ಹಾಶಿಂ ಹೊರಗೆ ಬಂದ. ಬೀಫಾತಿಮ್ಮ ಶಾಪ ಹಿಂತೆಗೆದುಕೊಂಡಳು, ಅರ್ಧ ಮಾತ್ರ. "ಮೊದಲೇ ಹೇಳ್ಬಾರ್ದಿತ್ತಾ? ನನ್ನ ಜೀವ ಬಾಯಿಗೆ ಬಂತು!"

"ನೀನು ಕಿರಿಚಿದ ಕಾರಣ ಅವ ನಂಬಿದ ತಂಗಿ. ನಿನಗೆ ನಾಟಕ ಬರುವುದಿಲ್ಲ."

ಸಂಜೆ ಹಾಶಿಂ ತನ್ನ ದೋಣಿಯಲ್ಲೇ ನನ್ನನ್ನು ಹೊಳೆ ದಾಟಿಸಿದ. ನಡು ಹೊಳೆಯಲ್ಲಿ ಹುಟ್ಟು ನಿಲ್ಲಿಸಿದ.

"ಬೋಜಣ್ಣಾ, ಒಂದು ಮಾತು... ಸಾಹುಕಾರ್ರ ದೀಪ ನಿಜವಾಗಿ ಹಳೇದೇ ಆಗಿದ್ದು, ಬೇರೆ ಯಾರೋ ಅದನ್ನು ಬದಲಾಯಿಸಿದ್ದಿದ್ರೆ? ಆಗ ನನ್ನ ಗತಿ ಎಂತ?"

"ಕಣ್ಣೂರು ಜೈಲಿನಲ್ಲಿ ಚಾಪೆ ನೇಯ್ತಾ ಇರ್ತಿದ್ದಿ ಮಾರಾಯ," ಎಂದೆ. "ಹುಟ್ಟು ಹಾಕು. ನಿನ್ನ ಪುಣ್ಯ, ಸಾಹುಕಾರ ಕಳ್ಳನೇ ಆಗಿದ್ದ!"